ಟ್ಯೂಬಿಲ್ಲದ ಟೈರು, ಅದನ್ನ ಪರೀಕ್ಷಾ ಮಾಡಿದ ನೆಲ

ಟ್ಯೂಬ್‌ಲೆಸ್ ಟೈರ್ ಅಂದ್ರ ನಮಗ್ಯಾರಿಗೂ ಹೊಸಾದಲ್ಲ ಬಿಡ್ರಿ. ಮನಿ ಮುಂದ ನಿಂತಿರೋ ಸ್ಕೂಟರಿಗೆ ಅದ, ಕಾರಿಗೆ ಅದ. ಮೊಳಿ ಚುಚ್ಚಿದ್ರೂ ನಿಧಾನಕ ನಡಸ್ಕೋತ ಪಂಚರ್ ಅಂಗಡಿ ಮುಟ್ಟಬಹುದು. ಅಲ್ಲಿ ಹುಡುಗ ಒಂದು ರಬ್ಬರ್ ದಾರ ತುರುಕಿ, ಹೊರಗ ಉಳಿದದ್ದು ಕತ್ತರಿಸಿ, ಗಾಳಿ ಹೊಡದು ಕಳಸ್ತಾನ. ಆದ್ರ ರೇಸಿನ ಸೈಕಲ್ಲಿಗೆ, ಅಂದ್ರ ಬಾಗಿದ ಹ್ಯಾಂಡಲ್ಲು, ತೆಳ್ಳಗಿನ ಗಾಲಿ ಇರ್ತಾವಲ್ಲಾ, ಆ ಸೈಕಲ್ಲಿಗೆ ಈ ಟೈರು ಬರಲಿಕ್ಕೆ, ಕಾರಿಗೆ ಬಂದ ಮ್ಯಾಲೆ ಇನ್ನೂ ಐವತ್ತು ವರ್ಷ ಹಿಡೀತು. ಬಂದ ಮ್ಯಾಲೂ ಜಗಳ ಮುಗದಿಲ್ಲ. ಒಬ್ಬರು ಇದರಷ್ಟು ಛೊಲೊ ಇಲ್ಲ ಅಂತಾರ, ಇನ್ನೊಬ್ಬರು ಇದರ ಸಹವಾಸನ ಬ್ಯಾಡ ಅಂತಾರ.

ನಾನು ಪಿಯುಸಿ ತನಕಾ ಓದಿದಾಕಿ. ಮಶೀನಿನ ಲೆಕ್ಕ ನನಗ ದೊಡ್ಡದಾಗಿ ತಿಳಿಯೂದಿಲ್ಲ. ಆದ್ರ ಈ ಜಗಳದ ಹಿಂದಿನ ಕಥಿ ಓದಕೋತ ಹೋದಂಗ ಅಡಗಿಮನಿ ಮಾತೊಂದು ನೆನಪಾತು. ಜ್ವಾಳ ಛೊಲೊ ಅದನೋ ಇಲ್ಲೋ ಅನ್ನೋದು ಚೀಲದ ಮ್ಯಾಲೆ ಬರದದ್ದು ಓದಿ ಗೊತ್ತಾಗೂದಿಲ್ಲ. ಹಿಟ್ಟು ನಾದಿ, ರೊಟ್ಟಿ ಬಡದು, ಹಂಚಿಗೆ ಹಾಕಿದಾಗ ಗೊತ್ತಾಗ್ತದ. ಟೈರಿಂದೂ ಹಂಗ. ಯಾವ ನೆಲದ ಮ್ಯಾಲೆ ಪರೀಕ್ಷಾ ಮಾಡಿದ್ರು ಅಂತ ಕೇಳದನ "ಇದು ಛೊಲೊ ಟೈರು" ಅನ್ನೋ ಮಾತು ನಂಬಬಾರದು. ಗಾಳಿ ತುಂಬಿದ ಟೈರಿನ ಇತಿಹಾಸ ಅಂದ್ರ ಒಂದರ ಹಿಂದ ಒಂದು ಪರೀಕ್ಷಾದ ಇತಿಹಾಸನ ಅದ.

ಇದನ್ನ ಈಗ್ಯಾಕ ಬರೀಲಿಕ್ಹತ್ತೀನಿ ಅಂದ್ರ, ನಮ್ಮ ಮಂದ್ಯಾಗೂ ಇದು ರೊಕ್ಕದ ಪ್ರಶ್ನೆ ಆಗೇದ. ವಿಜಯಪುರ, ಬಾಗಲಕೋಟಿ ಕಡೆ ಹುಡುಗ ಹುಡುಗ್ಯಾರು ಸೈಕಲ್ ಸ್ಪರ್ಧಾದಾಗ ರಾಷ್ಟ್ರ ಮಟ್ಟಕ್ಕ ಹೋಗೋದು ನಿಮಗೆಲ್ಲಾ ಗೊತ್ತದ. ವಿಜಯಪುರದಾಗಿರೋ ನನ್ನ ತಂಗಿ ಮಗಳೂ ಆ ಹಾದಿ ಹಿಡದಾಳ. ಬರೋ ಸ್ಪರ್ಧಾಕ್ಕ ಟ್ಯೂಬ್‌ಲೆಸ್ ಗಾಲಿ ಬೇಕು ಅಂತಾಳ. ಅಂಗಡಿಯವರು ಹೇಳಿದ ಬೆಲಿ ಕೇಳಿ ತಂಗಿ ನನಗ ಫೋನ್ ಮಾಡಿದ್ಲು: "ಅಕ್ಕಾ, ಭಿಶಿ ರೊಕ್ಕ ಇದಕ್ಕ ಹಾಕ್ಲೋ, ಅಕೀ ಕಾಲೇಜಿನ ಫೀಗೆ ಇಡ್ಲೋ?" ಎರಡೂ ಅಕೀ ಸಲುವಾಗಿನ ಇದ್ದದ್ದಕ್ಕ ಇನ್ನಷ್ಟು ತ್ರಾಸು. ಉತ್ತರಾ ಕೊಡೂಕಿಂತ ಮೊದಲ ನಾನು ಬುಡದಿಂದ ಓದಿದೆ.

ಬುಡಾ ಅಂದ್ರ 1845. ಸ್ಕಾಟ್‌ಲ್ಯಾಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನಾವ ತನ್ನ 23ನೇ ವಯಸ್ಸಿಗೆ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ತೊಗೊಂಡ. ಒಳಗ ರಬ್ಬರ್ ಬಳದ ಕ್ಯಾನ್ವಾಸ್ ಚೀಲ, ಹೊರಗ ಚರ್ಮದ ಹೊದಿಕಿ. ಆವಾಗ ಈಗಿನಂಥಾ ಸೈಕಲ್ಲೇ ಇರಲಿಲ್ಲ. ಅವನ ಟೈರು ಕುದುರಿ ಗಾಡಿಗೆ. 1847ರಾಗ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ್ಯಾಗ ಓಡಿಸಿ ತೋರಿಸಿದ. ಗಾಡಿ ಸಪ್ಪಳಿಲ್ಲದ, ಹಗೂರ್ಕ ಓಡ್ತು. ಆದ್ರ ಒಳ್ಳೆ ರಬ್ಬರ್ ಸಿಗೋದು ಕಷ್ಟ, ಬೆಲಿ ಹೆಚ್ಚು. ಮಂದಿ ಮರತುಬಿಟ್ರು.

ನಲವತ್ತು ವರ್ಷದ ಮ್ಯಾಲೆ ಬೆಲ್‌ಫಾಸ್ಟ್ ಊರಾಗ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ದನದ ಡಾಕ್ಟರ್, ಥಾಮ್ಸನ್ನನ ಸುದ್ದಿ ಗೊತ್ತಿಲ್ಲದನ, ಅದನ್ನ ಮತ್ತ ಹುಡುಕಿದ. ಅವನ ಸಣ್ಣ ಮಗನ ಮೂರು ಗಾಲಿ ಸೈಕಲ್ಲು ಕಲ್ಲಿನ ಹಾದೀ ಮ್ಯಾಲೆ ಭಾಳ ಕುಲುಕಾಡ್ತಿತ್ತು. 1887ರಾಗ ಡನ್‌ಲಪ್ ಸುಮಾರು 96 ಸೆಂಟಿಮೀಟರ್ ಅಗಲದ ಕಟಗಿ ಬಿಲ್ಲಿ ಮಾಡಿ, ಅದರ ಸುತ್ತ ತೆಳ್ಳಗಿನ ರಬ್ಬರ್ ಹಾಳಿಯ ನಳಗಿ ಸುತ್ತಿ ಗಾಳಿ ತುಂಬಿದ. ಆಮ್ಯಾಲೆ ಇದನ್ನೂ, ಮಗನ ಸೈಕಲ್ಲಿನ ಹಳೇ ಗಾಲಿನೂ ಅಂಗಳದಾಗ ಉರುಳಿಸಿಬಿಟ್ಟ. ಹಳೇ ಗಾಲಿ ನಡುವ ನಿಂತುಬಿಡ್ತು. ಗಾಳಿ ಗಾಲಿ ಅಂಗಳದ ಆ ತುದಿ ತನಕಾ ಹೋಗಿ, ಗೇಟಿನ ಕಂಬಕ್ಕ ಬಡದು ಪುಟದು ಹಿಂದ ಬಂತು.

ನನಗ ಈ ಅಂಗಳದ ಪರೀಕ್ಷಾ ಭಾಳ ಮನಸಿಗೆ ಬಂತು. ಮೀಟರ್ ಇಲ್ಲ, ಮಶೀನ್ ಇಲ್ಲ. ಎರಡು ಗಾಲಿ, ಒಂದ ನೆಲ, ಒಂದ ಕೈ. ಯಾವುದು ಮುಂದ ಹೋಗ್ತದ ನೋಡೋದು. ಇವತ್ತು ಪ್ರಯೋಗಾಲಯದಾಗ ಲಕ್ಷಾಂತರ ರೂಪಾಯಿ ಮಶೀನ್ ಇಟಗೊಂಡು ಕೇಳೋ ಪ್ರಶ್ನೆನೂ ಇದ: ಉರುಳೋವಾಗ ಎಷ್ಟು ಶಕ್ತಿ ಪೋಲಾಗ್ತದ? 1889ರ ಮೇ ತಿಂಗಳಾಗ ವಿಲ್ಲಿ ಹ್ಯೂಮ್ ಅನ್ನಾವ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಆಟದ ಮೈದಾನದಾಗ ಈ ದಪ್ಪನ್ನ ಟೈರು ಹಾಕ್ಕೊಂಡು ರೇಸಿಗಿಳದು ಗೆದ್ದ. ಅಲ್ಲಿಂದ ಗಟ್ಟಿ ರಬ್ಬರಿನ ಟೈರಿನ ಕಾಲ ಮುಗೀತು. ಡನ್‌ಲಪ್ಪನ ಪೇಟೆಂಟ್ ಮಾತ್ರ ಉಳೀಲಿಲ್ಲ, ಯಾಕಂದ್ರ ಥಾಮ್ಸನ್ನನ ಹಳೇ ಕಾಗದ ಅಷ್ಟರಾಗ ಸಿಕ್ಕಿತ್ತು.

ಅಂಗಳದಾಗ ಮುಳ್ಳಿರಲಿಲ್ಲ ನೋಡ್ರಿ. ಹಾದೀ ಮ್ಯಾಲೆ ಇತ್ತು. ಡನ್‌ಲಪ್ ಟೈರನ್ನ ರಿಮ್ಮಿಗೆ ಅಂಟಿಸಿಬಿಡ್ತಿದ್ರು. ಪಂಚರಾದ್ರ ಬಿಚ್ಚೋದ ಒಂದು ದೊಡ್ಡ ಕೆಲಸ. ಫ್ರಾನ್ಸಿನ ಕ್ಲೆರ್ಮಾನ್ ಫೆರಾನ್ ಊರಾಗ ಮಿಶೆಲಿನ್ ಅಣ್ಣತಮ್ಮರ ರಬ್ಬರ್ ಕಾರಖಾನಿ ಇತ್ತು. ಒಬ್ಬ ಸವಾರ ಪಂಚರಾದ ಟೈರು ತೊಗೊಂಡು ಅಲ್ಲಿಗೆ ಬಂದ. ಬಿಚ್ಚಿ ತಿದ್ದಲಿಕ್ಕೆ ಮೂರು ತಾಸಿನ ಮ್ಯಾಲೆ ಹಿಡೀತು; ಅಂಟು ಒಣಗಲಿಕ್ಕೆ ಒಂದು ರಾತ್ರಿ. ಮರುದಿನ ಎದುವಾರ್ ಮಿಶೆಲಿನ್ ಅದನ್ನ ಕಾರಖಾನಿ ಅಂಗಳದಾಗ ಓಡಿಸಿ ನೋಡಿದ್ರ, ಕೆಲವು ನೂರು ಮೀಟರಿನ್ಯಾಗ ಮತ್ತ ಕೆಡ್ತು. ಆದ್ರೂ ಅವನಿಗೆ ಆ ಸುಖಾ ಗೊತ್ತಾತು. 1891ರಾಗ ಬಿಚ್ಚಿ ಹಾಕೋ ಟೈರು ಬಂತು, ಒಳಗ ಬ್ಯಾರೆ ಟ್ಯೂಬು. ಅದ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟಿಗೆ ಹೋಗಿ ಹೊಳ್ಳಿ ಬರೋ 1,200 ಕಿಲೋಮೀಟರಿನ ಮೊದಲನೇ ಸ್ಪರ್ಧಾದಾಗ ಶಾರ್ಲ್ ತೆರಾಂ ಅನ್ನಾವ ಮಿಶೆಲಿನ್ ಟೈರಿನ ಮ್ಯಾಲೆ ಸುಮಾರು 71 ತಾಸಿನಾಗ ಗೆದ್ದ. ಮುಂದಿನ ವರ್ಷ ಕಂಪನಿಯವರು ತಾವ ಒಂದು ಸ್ಪರ್ಧಾ ಇಟ್ಟು, ಹಾದೀ ಮ್ಯಾಲೆ ತಾವ ಮೊಳಿ ಚೆಲ್ಲಿಸಿದ್ರಂತ! ಪಂಚರ್ ಎಷ್ಟು ಲಗೂನ ತಿದ್ದಬಹುದು ಅಂತ ಮಂದಿಗೆ ತೋರಿಸಬೇಕಾಗಿತ್ತು. ಪರೀಕ್ಷಾದ ಪ್ರಶ್ನೆನ ಬದಲಾತು. ಎಷ್ಟು ದೂರ ಉರುಳ್ತದ ಅನ್ನೋದರ ಜೋಡಿ, ಕೆಟ್ಟಾಗ ಎಷ್ಟು ತ್ರಾಸು ಕೊಡ್ತದ ಅನ್ನೋದೂ ಸೇರಿತು.

ಮುಂದ ನೂರು ವರ್ಷ ದೊಡ್ಡ ರೇಸಿನವರು ಮೂರನೇ ನಮೂನಿ ಟೈರು ಹಿಡಕೊಂಡು ಕುಂತ್ರು: ಟ್ಯೂಬುಲರ್. ಟ್ಯೂಬನ್ನ ಟೈರಿನೊಳಗ ಇಟ್ಟು ದಿಂಬಿನ ಗವಸಣಿಗಿ ಹಂಗ ಹೊಲದು, ರಿಮ್ಮಿಗೆ ಅಂಟಿಸೋದು. ಹಗುರ, ಮೆತ್ತಗ. ಟೂರ್ ದ ಫ್ರಾನ್ಸಿನ ಹಳೇ ಫೋಟೋದಾಗ ಸವಾರರು ಹೆಗಲಿಗೆ ಎಂಟರ ಅಂಕಿ ಹಂಗ ಟೈರು ಸುತಗೊಂಡಿರ್ತಾರ ನೋಡ್ರಿ, ಅವು ಇವ. ಕೆಟ್ರ ತಾವ ಕಿತ್ತು ತಾವ ಹಾಕ್ಕೋಬೇಕು.

ಕಾರಿನ ಕಥಿ ಬ್ಯಾರೆ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ಫ್ರಾಂಕ್ ಹೆರ್ಜೆಗ್ ಟ್ಯೂಬಿಲ್ಲದ ಟೈರಿಗೆ 1952ರಾಗ ಪೇಟೆಂಟ್ ಪಡದ. ಕೆಲವ ವರ್ಷದಾಗ ಹೊಸಾ ಕಾರೆಲ್ಲಾ ಅದನ್ನ ಹಾಕ್ಕೊಂಡ್ವು. ಸೈಕಲ್ಲಿಗೆ ಯಾಕಾಗಲಿಲ್ಲ? ಕಾರಣ ಮೂರು. ಕಾರಿನ ಟೈರಿನ್ಯಾಗ ಗಾಳಿ ಒತ್ತಡ ಮೂವತ್ತರ ಆಸುಪಾಸು. ರೇಸಿನ ಸೈಕಲ್ಲಿಗೆ ಆವಾಗ ನೂರರ ಮ್ಯಾಲೆ ಹೊಡೀತಿದ್ರು. ಅಷ್ಟು ಒತ್ತಡಕ್ಕ ಟೈರಿನ ಅಂಚು ಒಂದೀಟು ಹಿಗ್ಗಿದ್ರೂ ರಿಮ್ಮು ಬಿಟ್ಟು ಹಾರ್ತದ. ಎರಡನೇದ್ದು, ಸೈಕಲ್ ರಿಮ್ಮಿಗೆ ಕಡ್ಡಿ ಕೂಡಿಸಲಿಕ್ಕೆ ಇಪ್ಪತ್ತು ಮೂವತ್ತು ತೂತು ಇರ್ತಾವ. ಗಾಳಿ ಹೊರಗ ಹೋಗಲಿಕ್ಕೆ ಅಷ್ಟು ಬಾಗಲಾ. ಮೂರನೇದ್ದು ತೂಕ. ಕಾರಿಗೆ ಟೈರು ದಪ್ಪ ಆದ್ರ ನಡೀತದ, ಸೈಕಲ್ ತುಳಿಯೋದು ಮನಷ್ಯಾನ ಕಾಲು.

ಮೊದಲ ಗುಡ್ಡದಾಗ ಹತ್ತೋ ಮೌಂಟನ್ ಬೈಕಿಗೆ ದಾರಿ ಸಿಕ್ತು. ಅವುಗಳ ಟೈರು ದಪ್ಪ, ಒತ್ತಡ ಕಡಿಮಿ. 1999ರಾಗ ಮಾವಿಕ್, ಹಚಿನ್ಸನ್, ಮಿಶೆಲಿನ್ ಕೂಡಿ ಅದಕ್ಕೊಂದು ಪದ್ಧತಿ ತಂದ್ರು. ಅದರ ಬೆನ್ನಿಗೆ ಟೈರಿನೊಳಗ ಹಾಕೋ ಸೀಲೆಂಟ್ ಅನ್ನೋ ಹಾಲಿನಂಥಾ ದ್ರವದ ಬಳಕಿ ಬೆಳೀತು. ಎಕ್ಕಿ ಎಲಿ ಮುರದ್ರ ಹಾಲು ಸುರದು ಅಲ್ಲೇ ಗಟ್ಟಿ ಆಗ್ತದಲ್ಲಾ, ಅದರ ಹಂಗನ ಇದು. ಮುಳ್ಳು ಚುಚ್ಚಿ ಗಾಳಿ ಹೊಂಟ ಕೂಡ್ಲೆ ದ್ರವಾ ತೂತಿಗೆ ಓಡಿ ಬಂದು ಹೆಪ್ಪಾಗ್ತದ. ನಮ್ಮ ಹೊಲದ ಬದುವಿನ ನೆಗ್ಗಿನಮುಳ್ಳು ಅಮೆರಿಕದಾಗೂ ಹರಡೇದ, ಅಲ್ಲಿ ಅದಕ್ಕ ಆಡಿನ ತಲಿ ಅಂತಾರ. ಅಲ್ಲಿ ಸೈಕಲ್ಲಿನವರು ಸೀಲೆಂಟ್ ಹಾಕೋದಕ್ಕ ಆ ಮುಳ್ಳೂ ಒಂದು ದೊಡ್ಡ ಕಾರಣ.

ರೇಸಿನ ಸೈಕಲ್ಲಿಗೆ 2006ರ ಸುಮಾರಿಗೆ ಹಚಿನ್ಸನ್, ಶಿಮಾನೋ ಕೂಡಿ ಟ್ಯೂಬ್‌ಲೆಸ್ ತಂದ್ರು. ಅಂಚಿನ್ಯಾಗ ಹಿಗ್ಗದಂಥಾ ಎಳಿ ಹಾಕಿದ್ರು. ಆದ್ರ ಹತ್ತು ವರ್ಷ ಮಂದಿ ಅನುಮಾನದಿಂದನ ನೋಡಿದ್ರು. ಟೈರು ಏರಿಸೋವಾಗ ಹೆಬ್ಬಟ್ಟು ಸೋತು ಹೋಗ್ತಿದ್ವು; ಸಿಗೋ ಟೈರು ಬೆರಳೆಣಿಕಿ. 2017ರಾಗ ಮಾವಿಕ್, 2018ರಾಗ ಕಾಂಟಿನೆಂಟಲ್ ಕಂಪನಿಯವರು ತಮ್ಮ ರಸ್ತೆ ಟ್ಯೂಬ್‌ಲೆಸ್ ತಂದ ಮ್ಯಾಲೆನ ಗಾಳಿ ಈ ಕಡೆ ತಿರುಗಿತು.

ಈಗ ಪರೀಕ್ಷಾದ ಮಾತು. ಕಾರಖಾನಿ, ಪ್ರಯೋಗಾಲಯದಾಗ ಟೈರನ್ನ ಒಂದು ದೊಡ್ಡ ಕಬ್ಬಿಣದ ಡ್ರಮ್ಮಿನ ಮ್ಯಾಲೆ ಒತ್ತಿ ತಿರಗಸ್ತಾರ. ನೆದರ್ಲ್ಯಾಂಡ್ಸಿನ್ಯಾಗ ಬೈಸಿಕಲ್ ರೋಲಿಂಗ್ ರೆಸಿಸ್ಟೆನ್ಸ್ ಅಂತ ಇಂಥಾ ಪರೀಕ್ಷಾ ಮಾಡಿ ಎಲ್ಲಾರಿಗೂ ತಿಳಿಸೋರದಾರ. ಅವರು ಟೈರಿನ ಮ್ಯಾಲೆ 42.5 ಕಿಲೋ ಭಾರಾ ಹಾಕಿ, ತಾಸಿಗೆ ಸುಮಾರು 29 ಕಿಲೋಮೀಟರ್ ವೇಗದಾಗ ತಿರಗಸ್ತಾರ. ಛೊಲೊ ರೇಸ್ ಟೈರು ಒಂದಕ್ಕ ಎಂಟರಿಂದ ಹತ್ತು ವಾಟ್ ತಿಂತದ. ನಮ್ಮ ಅಡಗಿಮನಿಯ ಒಂದು ಎಲ್‌ಇಡಿ ಬಲ್ಬಿನಷ್ಟು ಅನ್ರಿ. ದಪ್ಪ ರಬ್ಬರಿನ ಗಟ್ಟಿಮುಟ್ಟ ಟೈರು ಇಪ್ಪತ್ತರ ಮ್ಯಾಲೂ ತಿಂತದ. ಇಷ್ಟು ಫರಕ ಟೈರು ಟೈರಿನ ನಡುವ. ಅದ ಒಂದ ಜಾತಿ ಟೈರಿನ್ಯಾಗ ಸಾದಾ ಟ್ಯೂಬ್ ಹಾಕಿದ್ದು, ಟ್ಯೂಬ್‌ಲೆಸ್ ಇದ್ದದ್ದು ನೋಡಿದ್ರ ಫರಕ ಎರಡು ವಾಟಿನ ಆಸುಪಾಸು ಅಷ್ಟ. ಟ್ಯೂಬು ಟೈರಿನ ಜೋಡಿ ಮಡಚಿ ತಿಕ್ಕೋದರಾಗ ಹೋಗೋ ಶಕ್ತಿ ಅದು. ಸಾದಾ ಟ್ಯೂಬಿನ ಬದಲಿ ತೆಳ್ಳಗಿನ ಲೇಟೆಕ್ಸ್ ಟ್ಯೂಬ್ ಹಾಕಿದ್ರ ಆ ಎರಡು ವಾಟೂ ಹೆಚ್ಚೂಕಮ್ಮಿ ಉಳೀತದ. ಅಂದ ಮ್ಯಾಲೆ ಡ್ರಮ್ಮಿನ ಮ್ಯಾಲೆ ಟ್ಯೂಬ್‌ಲೆಸ್ ಗೆದ್ದದ್ದು ಕೂದಲೆಳಿಯಷ್ಟು.

ಇಷ್ಟಕ್ಕ ನಿಲ್ಲಿಸಿದ್ರ, ಭಿಶಿ ರೊಕ್ಕ ಕಾಲೇಜಿಗೆ ಇಡವಾ ಅಂತಿದ್ದೆ. ಆದ್ರ ಡ್ರಮ್ಮು ಹಾದಿ ಅಲ್ಲ. ಡ್ರಮ್ಮಿನ ಮ್ಯಾಲೆ ಗಾಳಿ ಎಷ್ಟು ಹೆಚ್ಚು ಹೊಡದ್ರ ಅಷ್ಟು ಛೊಲೊ ಬರ್ತದ. ಅದನ್ನ ನಂಬಿ ಎಷ್ಟೋ ವರ್ಷ ಸವಾರರು 23 ಮಿಲಿಮೀಟರಿನ ಸಣ್ಣ ಟೈರಿಗೆ ಕಲ್ಲಿನಂಗ ಗಾಳಿ ಹೊಡಸ್ಕೊಂಡು ಓಡಿದ್ರು. 2007ರ ಸುಮಾರಿಗೆ ಬೈಸಿಕಲ್ ಕ್ವಾರ್ಟರ್ಲಿ ಅನ್ನೋ ಪತ್ರಿಕಾದ ಯಾನ್ ಹೈನ ಮತ್ತ ಅವರ ಗೆಳ್ಯಾರು ಪ್ರಯೋಗಾಲಯ ಬಿಟ್ಟು ಖರೇ ಹಾದೀ ಮ್ಯಾಲೆ ಪರೀಕ್ಷಾ ಮಾಡಿದ್ರು. ಡನ್‌ಲಪ್ಪನ ಅಂಗಳದ ಬುದ್ಧಿನ ಮತ್ತ ಬಂತು ಅನ್ರಿ. ಒರಟು ಹಾದಿಯೊಳಗ ಗಾಳಿ ಭಾಳ ಹೆಚ್ಚಾದ್ರ ಸೈಕಲ್ಲು ಪುಟೀತದ, ಸವಾರನ ಮೈ ನಡಗ್ತದ, ಆ ನಡುಕದಾಗನ ಶಕ್ತಿ ಸೋರಿ ಹೋಗ್ತದ. ಅಗಲ ಟೈರು, ಹದಾ ಗಾಳಿ ಇದ್ರ ಹಂಗ ಆಗೂದಿಲ್ಲ. ಇದನ್ನ ಒಪ್ಪಲಿಕ್ಕೆ ದೊಡ್ಡ ತಂಡದವರಿಗೆ ವರ್ಷಗಳ ಬೇಕಾದ್ವು. ಈಗ ಅವರೆಲ್ಲಾ 28, 30 ಮಿಲಿಮೀಟರಿಗೆ ಬಂದಾರ.

ನಡುಕಾ ಅಂದ್ರ ಏನು ಅನ್ನೋದು ನೋಡಬೇಕಂದ್ರ ಫ್ರಾನ್ಸಿನ ಪ್ಯಾರಿಸ್–ರೂಬೆ ಸ್ಪರ್ಧಾ ನೋಡಬೇಕು. ಹಳ್ಳಿ ಹಾದೀ ಮ್ಯಾಲೆ ಉಬ್ಬು ತಗ್ಗಿನ ಕಲ್ಲು ಹಾಸ್ಯಾರ. ಗಂಡಸರಿಗೆ ಇದು 1896ರಿಂದ ಅದ. ಹೆಂಗಸರಿಗೆ ಮೊದಲನೇ ಸಲ ಇಟ್ಟದ್ದು 2021ರ ಅಕ್ಟೋಬರ್ 2ಕ್ಕ. 116 ಕಿಲೋಮೀಟರಿನ್ಯಾಗ 29 ಕಿಲೋಮೀಟರ್ ಕಲ್ಲು. ಇಂಗ್ಲೆಂಡಿನ ಲಿಜ್ಜಿ ಡೈನನ್, ಹತ್ತ್ಹತ್ರ 80 ಕಿಲೋಮೀಟರ್ ಒಬ್ಬಾಕಿನ ಮುಂದ ಓಡಿ ಗೆದ್ಲು. ಕಡೀಕ ನೋಡಿದ್ರ ಹ್ಯಾಂಡಲ್ಲಿನ ಪಟ್ಟಿ ತುಂಬ ಅಂಗೈಯ ರಕ್ತ. ಆವಾಗ ಆಕಿ ಒಂದು ಮಗುವಿನ ತಾಯಿ ಬ್ಯಾರೆ. ಹಾದಿಯ ಪೆಟ್ಟು ಟೈರು ನುಂಗದಿದ್ರ ಕೈ ನುಂಗಬೇಕಾಗ್ತದ, ಅಷ್ಟ.

ಮರುದಿನ ಅದ ಕಲ್ಲಿನ ಮ್ಯಾಲೆ, ಮಳಿ ಕೆಸರಿನ್ಯಾಗ, ಇಟಲಿಯ ಸೋನ್ನಿ ಕೋಲ್‌ಬ್ರೆಲ್ಲಿ ಟ್ಯೂಬ್‌ಲೆಸ್ ಟೈರಿನ ಮ್ಯಾಲೆ ಗೆದ್ದ. ಅದಕ್ಕೂ ಮೊದಲ 2019ರಾಗ ನಾರ್ವೆಯ ಅಲೆಕ್ಸಾಂಡರ್ ಕ್ರಿಸ್ಟಾಫ್ ಬೆಲ್ಜಿಯಮ್ಮಿನ ಗೆಂಟ್–ವೆವೆಲ್ಗೆಮ್ ಸ್ಪರ್ಧಾ ಇದರ ಮ್ಯಾಲೆನ ಗೆದ್ದಿದ್ದ. ಟ್ಯೂಬ್‌ಲೆಸ್ಸಿನ ಖರೇ ಗುಣ ಇಲ್ಲಿ ಅದ. ಟ್ಯೂಬಿದ್ದ ಟೈರಿಗೆ ಗಾಳಿ ಕಡಿಮಿ ಮಾಡಿದ್ರ, ತೆಗ್ಗಿನ ಅಂಚಿಗೆ ಬಡದಾಗ ಟ್ಯೂಬು ರಿಮ್ಮಿನ ನಡುವ ಸಿಕ್ಕು ಹಾವು ಕಡಿದಂಗ ಎರಡು ತೂತು ಬೀಳ್ತಾವ. ಟ್ಯೂಬ ಇಲ್ಲಂದ ಮ್ಯಾಲೆ ಆ ಹೆದರಿಕಿ ಭಾಳ ಕಡಿಮಿ. ಹಾದಿಗೆ ತಕ್ಕಂಗ ಗಾಳಿ ಇಳಿಸಬಹುದು. ಎರಡು ವಾಟಿಗಿಂತ ಇದು ದೊಡ್ಡ ಲಾಭ, ಡ್ರಮ್ಮಿನ ಮ್ಯಾಲೆ ಇದು ಕಾಣೂದ ಇಲ್ಲ.

ಅಪಾಯನೂ ಹೇಳಬೇಕು. ಈಗಿನ ಕೆಲವು ರಿಮ್ಮಿಗೆ ಟೈರನ್ನ ಹಿಡಿಯೋ ಒಳಗಿನ ಕೊಕ್ಕೆನ ಇರೂದಿಲ್ಲ, ಹುಕ್‌ಲೆಸ್ ಅಂತಾರ. ಅಂಥಾ ರಿಮ್ಮಿಗೆ 5 ಬಾರ್, ಅಂದ್ರ ಸುಮಾರು 72 ಪಿಎಸ್‌ಐ ಮ್ಯಾಲೆ ಗಾಳಿ ಹೊಡಿಯಬಾರದು ಅಂತ ನಿಯಮ ಅದ. 2024ರ ಫೆಬ್ರವರಿಯೊಳಗ ಯುಎಇ ಟೂರ್ ಸ್ಪರ್ಧಾದಾಗ ಬೆಲ್ಜಿಯಮ್ಮಿನ ತೋಮಾಸ್ ಡಿ ಗೆಂಟ್‌ನ ಟೈರು ಇಂಥಾ ರಿಮ್ಮು ಬಿಟ್ಟು ಹೊರಗ ಬಂದು, ಅವ ಬಿದ್ದ. ಗಾಲಿ ಏನಕೋ ಬಡದಿತ್ತು ಅಂತ ತಯಾರಿಸಿದವರು ಹೇಳಿದ್ರು, ಸವಾರರ ಸಂಘದವರು ಸಿಟ್ಟಾದ್ರು. ಅದಕ್ಕ ರಿಮ್ಮಿನ ಮ್ಯಾಲೆ, ಟೈರಿನ ಮ್ಯಾಲೆ ಬರದ ಅಂಕಿ ಎರಡೂ ತಾಳಿ ಆಗ್ತಾವೋ ಇಲ್ಲೋ ನೋಡದನ ಹಾಕಬಾರದು.

ಇನ್ನೊಂದು ಮಾತು ರೇಸಿನವರು ಹೇಳೋದು ಕಡಿಮಿ, ಮನಿಯವರಿಗೆ ಲಗೂನ ತಿಳೀತದ. ಟ್ಯೂಬ್‌ಲೆಸ್ ಬಂದ್ರ ಪಂಚರಿನ ಕೆಲಸ ಇಲ್ಲದಂಗ ಆಗೂದಿಲ್ಲ, ಹಾದಿ ಬಿಟ್ಟು ಮನಿಗೆ ಬರ್ತದ. ಸೀಲೆಂಟ್ ಎರಡು ಮೂರು ತಿಂಗಳಿಗೆ ಒಣಗ್ತದ, ನಮ್ಮ ಬ್ಯಾಸಗಿ ಧಗಿಗೆ ಇನ್ನೂ ಲಗೂನ. ಬಿಚ್ಚಿ ಹಳೇ ಪೊರಿ ಕಿತ್ತು, ಮತ್ತ ಮೂವತ್ತು ನಲವತ್ತು ಎಂಎಲ್ ಹಾಕಬೇಕು. ಬಟ್ಟಿಗೆ ಹತ್ತಿ ಒಣಗಿದ್ರ ಆ ಕಲಿ ಹೋಗೂದಿಲ್ಲ. ಇದನ್ನೆಲ್ಲಾ ಮಾಡೋರು ಯಾರು ಅನ್ನೋದು ರೊಕ್ಕ ಕೊಡೂಕಿಂತ ಮೊದಲ ಮಾತಾಡಬೇಕು.

ತಂಗಿ ಮಗಳಿಗೆ ನಾನು ಡನ್‌ಲಪ್ಪನ ಪರೀಕ್ಷಾನ ಹೇಳಿದೆ. ಕಿತ್ತು ಹೋದ ಡಾಂಬರಿನ ಒಂದು ಇಳಕಲು ಆರಿಸ್ಕೋ, ತುಳೀದನ ಉರುಳು, ಒಂದು ಸಲ ಈಗಿನಷ್ಟ ಗಾಳಿ, ಒಂದು ಸಲ ಇಳಿಸಿ, ಎಲ್ಲಿ ನಿಂತಿ ಗುರುತು ಹಾಕು ಅಂತ. ನಾಕು ಮುಂಜಾನೆ ಮಾಡಿದ್ಲು. "ಮೌಶಿ, ಗಾಳಿ ಇಳಿಸಿದಾಗನ ಮುಂದ ಹೋಗ್ತೀನಿ, ಆದ್ರ ಎರಡು ಸಲ ಟ್ಯೂಬ್ ಕಡೀತು" ಅಂದ್ಲು. ಅಂದ್ರ ಅಕೀ ಹಾದಿಗೆ, ಆ ಬಳ್ಳಾರಿ ಜಾಲಿಯ ಮುಳ್ಳಿಗೆ ಟ್ಯೂಬ್‌ಲೆಸ್ ಹೊಂದ್ತದ. ಆಮ್ಯಾಲೆ ಈಗಿರೋ ರಿಮ್ಮಿನ ಮ್ಯಾಲೆ ಏನು ಬರದದ ಓದು ಅಂದೆ. ಟ್ಯೂಬ್‌ಲೆಸ್ ರೆಡಿ ಅಂತ ಇತ್ತು! ಹೊಸಾ ಗಾಲಿ ಬೇಕಾಗಲಿಲ್ಲ. ಎರಡು ಟೈರು, ರಿಮ್ಮಿನ ತೂತು ಮುಚ್ಚೋ ಟೇಪು, ವಾಲ್ವು, ಒಂದು ಬಾಟ್ಲಿ ಸೀಲೆಂಟು. ಭಿಶಿಯೊಳಗ ಒಂದು ಪಾಲು ಇದಕ್ಕ, ಉಳಿದದ್ದು ಫೀಗೆ. ಸೀಲೆಂಟ್ ಹಾಕೋದು ತನ್ನ ಕೆಲಸ ಅಂತ ಹುಡುಗಿನ ಒಪ್ಪಕೊಂಡಾಳ.

ನಿಮ್ಮ ಮನಿ ಹುಡುಗರೂ ಕೇಳ್ತಾರ, ಇವತ್ತಿಲ್ಲಾ ನಾಳೆ. ದಿನಾ ಕಾಲೇಜಿಗೆ ಹೋಗಿ ಬರೋ ಸಾದಾ ಸೈಕಲ್ಲಿಗೆ ಇದರ ಜರೂರ ಇಲ್ಲ. ಓಣಿ ತುದಿಗೆ ಪಂಚರ್ ಅಂಗಡಿ ಅದ, ಒಳ್ಳೆ ಟೈರು, ಹದಾ ಗಾಳಿ ಸಾಕು. ದೂರ ಓಡೋರು, ಒರಟು ಹಾದಿಯವರು, ಮುಳ್ಳಿನ ಸೀಮೆಯವರು ಕೇಳಿದ್ರ ಮಾತ್ರ ಅಲ್ಲಗಳೀಬ್ಯಾಡ್ರಿ. ಯಾರರ ಬಂದು "ಇದು ಎಲ್ಲಾಕಿಂತ ಛೊಲೊ" ಅಂದ್ರ, ರೊಕ್ಕ ಎಣಿಸೂಕಿಂತ ಮೊದಲ ಒಂದ ಮಾತು ಕೇಳ್ರಿ: ಯಾವ ನೆಲದ ಮ್ಯಾಲೆ ಉರುಳಿಸಿ ನೋಡಿರಿ?